ಗಾಳಿಯಲ್ಲಿದ್ದ ಐದನೆಯ ಮಣಿ

ಲೆಕ್ಕ ಮಾಡಲು ಮನಸ್ಸಿನಲ್ಲಿ ಇಟ್ಟುಕೊಂಡ ಮಣಿಚೌಕಟ್ಟಿಗೂ ಪ್ರತಿ ಕಂಬಿಯಲ್ಲಿ ಮೇಲೆ ಒಂದು, ಕೆಳಗೆ ನಾಲ್ಕೇ ಮಣಿ ಇರತಕ್ಕದ್ದು ಎಂಬುದು ನಮ್ಮ ಮಣಿಲೆಕ್ಕದ ಸಂಘದ ನಿಯಮ.

ಜಪಾನಿನ ಈ ಸಣ್ಣ ಊರಿನಲ್ಲಿ ಮಕ್ಕಳಿಗೆ ಮೊದಲು ಮರದ ಮಣಿ ಸರಿಸಿ ಲೆಕ್ಕ ಕಲಿಸುತ್ತೇವೆ. ಕೈ ಪಳಗಿದ ಮೇಲೆ ಚೌಕಟ್ಟು ಕಿತ್ತುಕೊಳ್ಳುತ್ತೇವೆ. ಆಮೇಲೆ ಅವರು ಬರಿಯ ಗಾಳಿಯಲ್ಲಿ ಬೆರಳಾಡಿಸಿ ಉತ್ತರ ಹೇಳುತ್ತಾರೆ. ಮೇಷ್ಟ್ರಾದ ನನಗೆ ಮಾತ್ರ ದೇವರು ಆ ವಿದ್ಯೆ ಕೊಡಲಿಲ್ಲ. ಮೂಲಂಗಿ ಕೊಳ್ಳಲು ಹೋದರೂ ಚೌಕಟ್ಟು ನನ್ನ ಕಂಕುಳಲ್ಲಿರುತ್ತದೆ.

ಈ ವರ್ಷ ಒಬ್ಬರಾದರೂ ಮೊದಲ ದರ್ಜೆಯಲ್ಲಿ ತೇರ್ಗಡೆಯಾಗದಿದ್ದರೆ ನನ್ನ ಶಾಲೆಯ ಬಾಗಿಲು ಮುಚ್ಚತಕ್ಕದ್ದೆಂದು ಸಂಘ ತಿಳಿಸಿತ್ತು. ಶಾಲೆಯಲ್ಲಿ ಇದ್ದ ವಿದ್ಯಾರ್ಥಿನಿ ಸುಜುನೊ ಒಬ್ಬಳೇ. ಗುಡಿಯಲ್ಲಿ ಗಂಟೆ ಬಾರಿಸಿ, ಚಪ್ಪಾಳೆ ತಟ್ಟಿ ದೇವರನ್ನು ಎಚ್ಚರಿಸಿ, ಅವಳನ್ನು ಪರೀಕ್ಷೆಗೆ ಕರೆದೊಯ್ದೆ.

ಶುರುವಿಗೆ ಮುಂಚೆ ಅವಳು ಗಾಳಿಯಲ್ಲಿ ಬೆರಳಾಡಿಸಿ ಕೈ ಪಳಗಿಸಿಕೊಳ್ಳುತ್ತಿದ್ದಾಗ ಪರೀಕ್ಷಾಧಿಕಾರಿ ಕುರಾಮಿತ್ಸು ಬಂದು ನಿಂತರು.

"ಹೆಬ್ಬೆರಳು ಒಂದು ಸಲ ಜಾಸ್ತಿ ಏಳ್ತಿದೆಯಲ್ಲಮ್ಮ? ಕೆಳಗೆ ಎಷ್ಟು ಮಣಿ ನಿಂದು?"

"ಐದು. ಅಜ್ಜಿ ಚೌಕಟ್ಟಲ್ಲಿ ಕಲಿತದ್ದು."

"ಹಳೇ ಮಾದರಿ! ಮೇಷ್ಟ್ರೇ, ನೀವು ನೋಡ್ಲಿಲ್ವಾ?"

"ನೋಡಿದೆ ಸ್ವಾಮಿ, ಕಾಣಿಸ್ಲಿಲ್ಲ."

"ಕಾಣಿಸದೇ ಇರೋದನ್ನ ನೋಡೋಕೇ ಅಲ್ವೇನ್ರೀ ನಿಮ್ಮನ್ನ ಇಟ್ಟಿರೋದು? ಹೆಚ್ಚಿನ ಮಣಿ ಈಗ್ಲೇ ತೆಗೀರಿ. ಇಲ್ದಿದ್ರೆ ಹುಡುಗಿ ಕೂರೋ ಹಾಗಿಲ್ಲ."

ನಾನು ಮಂಡಿಯೂರಿ, ಅವಳ ಮುಂದಿದ್ದ ಗಾಳಿಯಿಂದ ಕಂಬಿಗೊಂದರಂತೆ ಮಣಿ ಬಿಡಿಸತೊಡಗಿದೆ.

"ಮೇಷ್ಟ್ರೇ, ಅದು ಮೇಲಿನ ಮಣಿ," ಎಂದು ಸುಜುನೊ ಪಿಸುಗುಟ್ಟಿದಳು.

ತಪ್ಪಾಯಿತೆಂದು ಮತ್ತೆ ಪೋಣಿಸಿದೆ. ಬಿಡಿಸಿದ್ದನ್ನು ಕುರಾಮಿತ್ಸು ಕರವಸ್ತ್ರದಲ್ಲಿ ಗಂಟು ಕಟ್ಟಿಸಿ ಸಂಘದ ಬೀರುವಿನಲ್ಲಿ ಇಡಿಸಿದರು. ಹುಡುಗಿ ತೇರ್ಗಡೆಯಾದಳು. ಶಾಲೆ ಉಳಿಯಿತು.

ಮರುದಿನ ಬೆಳಗ್ಗೆಯೇ ಅವಳ ಅಜ್ಜಿ ಬಾಗಿಲಲ್ಲಿ ನಿಂತಿದ್ದರು.

"ಏನ್ ಮೇಷ್ಟ್ರೇ, ನಮ್ಮತ್ತೆ ಕಾಲದ ಮಣಿ ಅವು. ಯಾರೋ ಕೇಳಿದ್ರು ಅಂತ ಕೊಟ್ಟು ಬರೋದಾ? ನಿಮ್ಮನೇದಾಗಿದ್ರೆ ಕೊಡ್ತಿದ್ರಾ? ಇವತ್ತು ತಂದುಕೊಡಿ, ಇಲ್ಲಾಂದ್ರೆ ಮೊಮ್ಮಗಳು ನಿಮ್ಮ ಶಾಲೆ ಮೆಟ್ಟಿಲು ಹತ್ತಲ್ಲ."

ಇದ್ದ ಒಬ್ಬ ವಿದ್ಯಾರ್ಥಿನಿ! ಸಂಘಕ್ಕೆ ಓಡಿದೆ. ಕುರಾಮಿತ್ಸು ಬೀರು ತೆರೆದರು.

"ಗಂಟು ಬಿಚ್ಚಿಕೊಂಡು ಊರೋರದ್ದೆಲ್ಲ ಕಲಸಿಹೋಗಿದೆ. ನೋಡ್ಕೊಂಡು ತಗೊಳ್ಳಿ."

ಕನ್ನಡಕ ಒರೆಸಿ ಹಾಕಿಕೊಂಡು ಒಂದೊಂದನ್ನೇ ಆರಿಸಿದೆ. ಬೊಗಸೆಯಿಂದ ಚೆಲ್ಲದಂತೆ ಮೆಲ್ಲಗೆ ನಡೆದು ಬಂದು ಅಜ್ಜಿಯ ಮಡಿಲಿಗೆ ಸುರಿದೆ. ಅವರು ಬೆಳಕಿಗೆ ಹಿಡಿದು, ತಿರುಗಿಸಿ, ಉಗುರಿನಿಂದ ಕೆರೆದು ನೋಡಿದರು.

"ಇದೊಂದು ನಮ್ದಲ್ಲ."

ತಲೆಬಾಗಿ ಕ್ಷಮೆ ಕೇಳಿ, ಅದನ್ನು ಬದಲಾಯಿಸಿ ತರಲು ಹೊರಟೆ.