ಸೆರಗಿನ ಕನ್ನಡ

ಒಂದಕ್ಷರವೂ ಬಾರದ ಭಾಷೆಯಿಂದ ಯಾರಿಗೂ ಕೇಡಾಗಿದ್ದು ನಾನು ಕಾಣೆ. ಬಾಯಿ ಮುಚ್ಚಿಕೊಂಡಿರುತ್ತೇವೆ, ಕೈಸನ್ನೆ ಮಾಡಿ ನೀರು ಕೇಳಿ ಕುಡಿಯುತ್ತೇವೆ, ನೋಡಿದವರು ಅಯ್ಯೋ ಪಾಪ ಅನ್ನುತ್ತಾರೆ. ಅಪಾಯವೆಲ್ಲ ಇರುವುದು ಅರ್ಧ ಬರುವ ಭಾಷೆಯಲ್ಲಿ. ಅರ್ಧ ಬರುವವನಿಗೆ ತನಗೆ ಪೂರ್ತಿ ಬರುತ್ತದೆಂಬ ನಂಬಿಕೆ ಇರುತ್ತದೆ. ನನಗೆ ಇಪ್ಪತ್ತನೆಯ ವಯಸ್ಸಿನಲ್ಲಿ ಕನ್ನಡದ ವಿಷಯವಾಗಿ ಇದ್ದದ್ದು ಇಂಥದೇ ನಂಬಿಕೆ. ಅದು ಹೇಗೆ ಮುರಿಯಿತು, ಮುರಿದದ್ದನ್ನು ಯಾರು ಕೂಡಿಸಿದರು ಎಂಬುದನ್ನು ಈಗ ಹೇಳಿದರೆ ಮಾನ ಹೋಗುವ ವಯಸ್ಸೇನೂ ನನ್ನದಲ್ಲ.

ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರು. ಮನೆಮಾತು ತೆಲುಗು. ಮಾವಿನ ತೋಪಿದ್ದ ಮನೆ; ನಮ್ಮಪ್ಪನಿಗೆ ಮರದ ಭಾಷೆ ಬರುತ್ತಿತ್ತು, ತೆಲುಗು ಬರುತ್ತಿತ್ತು, ಮೂರನೆಯದರ ಅಗತ್ಯ ಅವರಿಗೆ ಕಂಡಿರಲಿಲ್ಲ. ನನ್ನನ್ನು ಆರನೆಯ ವಯಸ್ಸಿಗೇ ಗಡಿಯಾಚೆ ಮದರಾಸು ಸೀಮೆಯಲ್ಲಿದ್ದ ಸೋದರಮಾವನ ಮನೆಗೆ ಓದಲು ಕಳಿಸಿದರು. ಮಾವ ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರು. ಅಲ್ಲೇ ತೆಲುಗಿನಲ್ಲಿ ಓದಿ, ಕನ್ನಡವನ್ನು ರಜಕ್ಕೆ ಊರಿಗೆ ಬಂದಾಗ ಸಂತೆಯಲ್ಲಿ ಕಿವಿಗೆ ಬಿದ್ದಷ್ಟು ಕಲಿತು, ಅಲ್ಲಿನ ಕಾಲೇಜಿನಲ್ಲೇ ಜೂನಿಯರ್ ಇಂಟರ್‌ಮೀಡಿಯೆಟ್ ಮುಗಿಸಿದೆ. ಅಷ್ಟರಲ್ಲಿ ಮಾವನನ್ನು ಸಮುದ್ರತೀರದ ಯಾವುದೋ ಊರಿಗೆ ವರ್ಗ ಮಾಡಿದರು. ಸರ್ಕಾರ ವರ್ಗ ಮಾಡಿದ್ದು ಅವರನ್ನು; ಆದರೆ ಊಟ, ವಸತಿ ಎರಡೂ ಅವರ ಜೊತೆ ಹೊರಟಿದ್ದರಿಂದ ನನಗೂ ವರ್ಗವಾದಂತೆಯೇ. ಕೋಲಾರದಲ್ಲಿ ಆಗತಾನೆ ಹೊಸದಾಗಿ ಇಂಟರ್‌ಮೀಡಿಯೆಟ್ ಕಾಲೇಜು ಬಂದಿತ್ತು. ಸೀನಿಯರ್ ವರ್ಷವನ್ನು ಅಲ್ಲಿ ಓದುವುದೆಂದು ತೀರ್ಮಾನವಾಯಿತು. ಆ ಕಡೆಯ ವಿಶ್ವವಿದ್ಯಾನಿಲಯ ಬೇರೆ, ನಮ್ಮ ಸಂಸ್ಥಾನದ್ದು ಬೇರೆ. ಒಂದರಿಂದ ಬಿಡಿಸಿಕೊಂಡು ಇನ್ನೊಂದಕ್ಕೆ ಸೇರುವುದೆಂದರೆ ಹೆಣ್ಣು ಒಪ್ಪಿಸಿಕೊಡುವುದಕ್ಕಿಂತ ಹೆಚ್ಚು ಕಾಗದಪತ್ರ.

ಹೆಣ್ಣಿನ ಮಾತು ಬಂತು. ಅದಕ್ಕೆ ಆರು ತಿಂಗಳ ಹಿಂದೆ ನನಗೆ ಮದುವೆಯಾಗಿತ್ತು. ಹುಡುಗಿ ರುಕ್ಮಿಣಿ, ಮಾಲೂರು ತಾಲ್ಲೂಕಿನ ಮಾಸ್ತಿ ಕಡೆಯವಳು, ಹದಿನೆಂಟು ವರ್ಷ. ಅವಳ ತಂದೆ ಹಳ್ಳಿ ಸ್ಕೂಲಿನ ಮೇಷ್ಟ್ರು. ಹಳಗನ್ನಡದ ಪದ್ಯಗಳನ್ನು ಗಟ್ಟಿಯಾಗಿ ಹೇಳಿಕೊಳ್ಳದಿದ್ದರೆ ಅವರಿಗೆ ಸ್ನಾನ ಮಾಡಿದ ಹಾಗೇ ಆಗುತ್ತಿರಲಿಲ್ಲವಂತೆ. ಮಗಳು ಲೋವರ್ ಸೆಕೆಂಡರಿ ಪಾಸು ಮಾಡಿದ್ದಳು. ತೆಲುಗು ಒಂದು ಮಾತೂ ಬಾರದು. ಕೋಲಾರದಲ್ಲಿ ನನ್ನ ಊಟಕ್ಕೆ ಯಾರು ಎಂಬ ಪ್ರಶ್ನೆ ಬಂದಾಗ ಅಮ್ಮ, "ಹೆಂಡ್ತಿ ಇದಾಳಲ್ಲ, ಕರ್ಕೊಂಡು ಹೋಗು" ಎಂದು ತೆಲುಗಿನಲ್ಲಿ ಹೇಳಿದಳು. ರುಕ್ಮಿಣಿಗೆ ಮಾತು ಅರ್ಥವಾಗಲಿಲ್ಲ. ಆದರೆ "ಕೋಲಾರ" ಎಂಬ ಶಬ್ದ ಕಿವಿಗೆ ಬಿದ್ದದ್ದೇ ಅವಳ ಮುಖ ಅರಳಿತು. ಮಾರನೆಯ ದಿನವೇ ಟ್ರಂಕು ತುಂಬಿಟ್ಟಿದ್ದಳು. ಗಂಡನ ಜೊತೆ ಬೇರೆ ಸಂಸಾರ ಹೂಡುವ ಸಂತೋಷ ಎಂದುಕೊಂಡು ನಾನು ಮೀಸೆಯ ಮೇಲೆ ಕೈಯಾಡಿಸಿಕೊಂಡೆ.

ಕೋಲಾರದ ಕೋಟೆಯೊಳಗೆ ಬಾಷಾ ಸಾಬರ ಮನೆಯ ಹಿಂಭಾಗ ನಮಗೆ ಬಾಡಿಗೆಗೆ ಸಿಕ್ಕಿತು. ಸಾಬರು ತಗಡಿನ ಟ್ರಂಕು ಮಾಡುವವರು. ಅವರ ಸುತ್ತಿಗೆಯ ಸದ್ದಿಗೆ ಮೊದಲ ಎರಡು ದಿನ ತಲೆನೋವು ಬಂತು, ಮೂರನೆಯ ದಿನದಿಂದ ಅದು ಕೇಳಿಸದಿದ್ದರೆ ನಿದ್ದೆಯಿಂದ ಏಳಲಾಗುತ್ತಿರಲಿಲ್ಲ.

ಕಾಲೇಜಿಗೆ ಹೋಗಿ ಕಾಗದಗಳನ್ನೆಲ್ಲ ಪ್ರಿನ್ಸಿಪಾಲರ ಮುಂದಿಟ್ಟೆ. ಅವರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, "ಎಲ್ಲಾ ಸರಿಯಾಗಿದೆ. ಆದ್ರೆ ಎರಡನೇ ಭಾಷೆ ತೆಲುಗು ಅಂತಿದೆ. ನಮ್ಮಲ್ಲಿ ತೆಲುಗಿಗೆ ಇನ್ನೂ ಮೇಷ್ಟ್ರು ಬಂದಿಲ್ಲ. ಏನು ಮಾಡ್ತೀರಿ?" ಎಂದರು.

"ಕನ್ನಡ ತಗೋತೀನಿ ಸಾರ್" ಎಂದೆ.

"ಬರುತ್ತೇನ್ರಿ?"

"ಬರದೆ ಏನು ಸಾರ್, ನಾನು ಇದೇ ಜಿಲ್ಲೆಯವನು!"

ಈ ಕೊನೆಯ ಮಾತಿಗೆ ನಾನು ಕೊಟ್ಟ ಗತ್ತು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಪ್ರಿನ್ಸಿಪಾಲರು ಕನ್ನಡ ಪಂಡಿತರನ್ನು ಕರೆಸಿದರು. ಪಂಡಿತರದು ಜರಿ ಪೇಟ, ಮುಚ್ಚಿದ ಕೊರಳಿನ ಕೋಟು, ಪಿಸುಮಾತಿನಂಥ ಮೆಲುದನಿ. ಹತ್ತು ಸಾಲು ಉಕ್ತಲೇಖನ ಬರೆಸಿದರು. ಬರೆದು ಕೊಟ್ಟೆ. ಕನ್ನಡಕ ಹಾಕಿಕೊಂಡು ನೋಡಿದರು. ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

ಕನ್ನಡ, ತೆಲುಗಿನ ಲಿಪಿಗಳು ಅಕ್ಕತಂಗಿಯರು ಎಂದು ಎಲ್ಲರೂ ಬಲ್ಲರು. ಆದರೆ ಅಕ್ಕ ತಲೆಕಟ್ಟನ್ನು ಅಡ್ಡಕ್ಕೆ ಎಳೆದರೆ ತಂಗಿ ಮೇಲಕ್ಕೆ ಎತ್ತಿ ಕೊಕ್ಕೆ ಹಾಕುತ್ತಾಳೆ, ಮೇಷ್ಟ್ರು ಸರಿಯುತ್ತರಕ್ಕೆ ಗುರುತು ಹಾಕುವ ಹಾಗೆ. ನಾನು ಅಭ್ಯಾಸಬಲದಿಂದ ಪ್ರತಿ ಅಕ್ಷರದ ನೆತ್ತಿಯ ಮೇಲೂ ಆ ಕೊಕ್ಕೆ ಏರಿಸಿದ್ದೆ.

"ನಾಯ್ಡುಗಳೇ," ಎಂದರು ಪಂಡಿತರು ಮೆಲ್ಲಗೆ, "ಅಕ್ಷರ ಅಕ್ಷರಕ್ಕೂ ನೀವೇ ರೈಟು ಹಾಕ್ಕೊಂಡು ಬಂದಿದ್ದೀರಿ. ನಾನು ತಿದ್ದೋದಕ್ಕೆ ಏನೂ ಉಳಿಸಿಲ್ಲವಲ್ಲ!"

ಪ್ರಿನ್ಸಿಪಾಲರು ಒಂದು ತಿಂಗಳ ಗಡುವು ಕೊಟ್ಟರು. ಅಷ್ಟರಲ್ಲಿ ಪಂಡಿತರ ಮುಂದೆ ಒಂದು ಪ್ರಬಂಧ ಬರೆದು, ಓದಿ ಹೇಳಿ, ಅವರು ಒಪ್ಪಿದರೆ ಪ್ರವೇಶ ಖಾಯಂ. ಇಲ್ಲವಾದರೆ ಕಾಗದಗಳೆಲ್ಲ ವಾಪಸ್ಸು, ವರ್ಷವೊಂದು ನೀರುಪಾಲು, ನಾನು ಯಲ್ದೂರಿನ ತೋಪಿನ ಕಾವಲಿಗೆ.

ಈ ಸಂಗತಿಯನ್ನು ಹೆಂಡತಿಗೆ ಹೇಳಲಿಲ್ಲ. ಗಂಡಸಿಗೆ ಭಾಷೆ ಬಾರದೆಂದು ಮನೆಯಲ್ಲಿ ಗೊತ್ತಾಗುವುದೇ? ಕನ್ನಡದ ಒಂದು ದಪ್ಪ ಪುಸ್ತಕ ತಂದು ಎದುರಿಗಿಟ್ಟುಕೊಂಡು ಗಂಭೀರವಾಗಿ ಕೂತುಬಿಡುತ್ತಿದ್ದೆ. ಹೀಗೆ ಕೂತಿದ್ದ ಒಂದು ಮಧ್ಯಾಹ್ನ, ಮನೆಗೆ ಹಾಲು ತರುತ್ತಿದ್ದ ಮುನಿಯಮ್ಮ ಹಿತ್ತಲಿನಿಂದ ಕೂಗಿದಳು: "ಅಯ್ನೋರೇ, ಆವು ಬಂದೈತೆ, ಆವು!"

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ತೆಲುಗಿನಲ್ಲಿ ಆವು ಎಂದರೆ ಹಸು.

"ಬಂದ್ರೆ ಬರಲಿ ಬಿಡಮ್ಮ," ಎಂದೆ ಪುಸ್ತಕದಿಂದ ತಲೆಯೆತ್ತದೆ. "ಸ್ವಲ್ಪ ಕಲಗಚ್ಚು ಇಡು, ಕುಡಿದು ಹೋಗುತ್ತೆ."

ಹಿತ್ತಲಿನಲ್ಲಿ ಹಾಲಿನ ಚೊಂಬು ನೆಲಕ್ಕಿಟ್ಟ ಸದ್ದು. ಆಮೇಲೆ, "ಕಲಗಚ್ಚಾ?" ಎಂಬ ಕ್ಷೀಣ ದನಿ.

"ಬೇಕಾದ್ರೆ ಕಟ್ಟಿಹಾಕು. ಯಾರದೋ ಏನೋ ಪಾಪ, ಸಂಜೆಗೆ ಹುಡುಕ್ಕೊಂಡು ಬರ್ತಾರೆ."

ಹಗ್ಗಕ್ಕೆಂದು ಯಾರೂ ಒಳಗೆ ಬರಲಿಲ್ಲ. ಹೆಂಗಸರಿಂದ ಒಂದು ಹಸು ಕಟ್ಟಲೂ ಆಗುವುದಿಲ್ಲ ಎಂದುಕೊಳ್ಳುತ್ತ, ಗೂಟದಲ್ಲಿದ್ದ ಹಗ್ಗ ತೆಗೆದುಕೊಂಡು, ನಾಲಗೆಯಲ್ಲಿ ಲೊಚಗುಟ್ಟುತ್ತ ಹೊರಗೆ ಬಂದೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ, ನನ್ನಿಂದ ಮೂರು ಮಾರು ದೂರದಲ್ಲಿ, ಗೋಧಿ ಬಣ್ಣದ್ದೊಂದು ಹೆಡೆ ಎತ್ತಿ ನನ್ನನ್ನೇ ನೋಡುತ್ತಿತ್ತು. ನಾನು ಆಗ ಏನು ಕೂಗಿದೆನೋ ತಿಳಿಯದು. ಎರಡು ಭಾಷೆಗೂ ಸೇರಿದ್ದಲ್ಲ. ಬಾಷಾ ಸಾಬರು ಒಂದು ತಗಡು ಹಿಡಿದುಕೊಂಡು ಓಡಿಬಂದು ಸುತ್ತಿಗೆಯಿಂದ ಬಡಿದರು. ಹಾವು ಗೋಡೆಯ ಸಂದಿಯಲ್ಲಿ ಆಚೆಗೆ ಹೋಯಿತು. ಸಾಬರು ನನ್ನ ಕೈಯಲ್ಲಿದ್ದ ಹಗ್ಗ ನೋಡಿ, "ಕ್ಯಾ ಸಾಮಿ, ಹಾವಿಗೆ ಮೂಗುದಾರ ಹಾಕೋಕೆ ಹೊಂಟಿದ್ರಾ?" ಎಂದರು.

ರುಕ್ಮಿಣಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದಳು. ಮೊದಲು ಹೆದರಿ ಅತ್ತಳು. ಆಮೇಲೆ ವಿಷಯ ತಿಳಿದು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ನಗು ನಿಂತ ಮೇಲೆ ನಾನು ಉಕ್ತಲೇಖನದ ಸಂಗತಿಯನ್ನೂ ಹೇಳಬೇಕಾಯಿತು. ಅದಕ್ಕೂ ನಗುತ್ತಾಳೆಂದು ಕಾದೆ. ನಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ನನ್ನೆದುರಿಗೆ ಕೂತಳು.

"ನೀವು ಫೇಲಾದ್ರೆ ಯಲ್ದೂರಿಗೆ ಹೋಗ್ಬೇಕಾ?"

"ಹೂಂ."

"ನಾನೂ?"

"ಮತ್ತೆ?"

"ಆರು ತಿಂಗಳು ಇದ್ದೆ ಅಲ್ಲಿ," ಎಂದಳು. "ಅತ್ತೆ ಒಳ್ಳೆಯವರು. ಎಲ್ಲಾರೂ ಒಳ್ಳೆಯವರೇ. ಆದ್ರೆ ಎಲ್ಲಾರೂ ನಗೋವಾಗ ನಾನೂ ನಗ್ತಿದ್ದೆ, ಯಾಕೆ ಅಂತ ಗೊತ್ತಾಗ್ತಿರಲಿಲ್ಲ. ಒಂದೊಂದ್ಸಲ ನನ್ನ ನೋಡೇ ನಗ್ತಿದ್ರೇನೋ. ನೀವು ಒಂದಿನ ಹಾವನ್ನ ಹಸು ಅಂದ್ಕೊಂಡ್ರಿ. ನನಗೆ ಅಲ್ಲಿ ದಿನಾ ಹಾಗೇ ಇತ್ತು."

ಟ್ರಂಕು ತುಂಬಿಟ್ಟವಳ ಸಂತೋಷಕ್ಕೆ ಕಾರಣ ನನ್ನ ಮೀಸೆಯಲ್ಲವೆಂದು ಆಗ ತಿಳಿಯಿತು. ಆ ಆರು ತಿಂಗಳಲ್ಲಿ, ರಜಕ್ಕೆ ಊರಿಗೆ ಬಂದಾಗಲೂ, ಅವಳಿಗೆ ಹತ್ತು ತೆಲುಗು ಮಾತು ಹೇಳಿಕೊಡಬೇಕೆಂದು ನನಗೆ ಒಂದು ದಿನವೂ ತೋಚಿರಲಿಲ್ಲ.

"ನಾಳೆಯಿಂದ ನಾನು ಪಾಠ ಹೇಳ್ತೀನಿ," ಎಂದಳು ಎದ್ದು ನಿಂತು. "ಪಾಠದ ಹೊತ್ತಲ್ಲಿ ಕಾಫಿ ಕೇಳಬಾರದು. ನಾನು ತಪ್ಪು ಅಂದ್ರೆ ಸಿಟ್ಟು ಮಾಡ್ಕೋಬಾರದು."

ಒಪ್ಪಿದೆ. ಅವಳ ಪಾಠಶಾಲೆ ಅಡುಗೆಮನೆಯ ಹೊಸಿಲಾಚೆಯ ಹಿತ್ತಲಿನ ನೆಲ. ಬಳಪವೆಂದರೆ ರಂಗೋಲಿ ಪುಡಿ. ನಾನು ಪಂಚೆ ಎತ್ತಿಕಟ್ಟಿ ಕುಕ್ಕರುಗಾಲಲ್ಲಿ ಕೂತು ನೆಲದ ಮೇಲೆ ಕ, ಖ, ಗ ಬಿಡಿಸುತ್ತಿದ್ದೆ. ಅವಳು ಒಳಗಿನಿಂದ ರಾಗಿಮುದ್ದೆ ಕಟ್ಟುತ್ತ, "ಮೇಲಕ್ಕೆ ಎತ್ತಬೇಡ್ರೀ! ಅಡ್ಡಕ್ಕೆ ಎಳೀರಿ, ಹೋಳಿಗೆ ಅಂಚು ಮಡಚೋ ಹಾಗೆ," ಎನ್ನುತ್ತಿದ್ದಳು. ನನಗೆ ಹೋಳಿಗೆ ತಿನ್ನಲು ಬರುತ್ತಿತ್ತೇ ಹೊರತು ಮಡಚಿ ಗೊತ್ತಿರಲಿಲ್ಲ. ತಂದೆಯಿಂದ ಕೇಳಿ ಕಲಿತ ಹಳೆಯ ಪದ್ಯಗಳನ್ನು ಒರಳಿನ ಮುಂದೆ ಕೂತು ಹೇಳುತ್ತಿದ್ದಳು. ಗುಂಡು ಒಂದು ಸುತ್ತು ಬಂದರೆ ಒಂದು ಸಾಲು. ಹಾಗೆ ಕಲಿತ ಪದ್ಯ ಮರೆಯುವುದಿಲ್ಲ, ಆದರೆ ಹೇಳುವಾಗ ಕೈ ತಾನಾಗಿ ತಿರುಗುತ್ತದೆ. ಹಾಲಿನ ಮುನಿಯಮ್ಮ ಇದನ್ನೆಲ್ಲ ಕಂಡು ನನ್ನ ಮೇಲೆ ಕನಿಕರಪಟ್ಟಳು. "ಅಯ್ನೋರು ರಂಗೋಲಿ ಸಂದಾಕೆ ಆಕ್ತಾರೆ. ಎದ್ದ್ ಓಡಾಡೋ ಎಂಡ್ರು ಇದ್ರೂ ಪಾಪ, ಅವರ್ ಕೈಲೇ ಆಕಿಸ್ತಾರೆ," ಎಂದು ಬೀದಿಯಲ್ಲಿ ಹೇಳಿಕೊಂಡು ಬಂದಳಂತೆ.

ತಿಂಗಳು ಕಳೆಯಿತು. ಪಂಡಿತರು ತಮ್ಮ ಕೋಣೆಯಲ್ಲಿ ಕೂರಿಸಿ, "ಕೋಲಾರಕ್ಕೆ ಬಂದ ಬಗೆ ಅಂತ ಒಂದು ಪ್ರಬಂಧ ಬರೀರಿ," ಎಂದರು. ಒಂದು ಗಂಟೆ ಬರೆದೆ. ತಲೆಕಟ್ಟುಗಳೆಲ್ಲ ಹೋಳಿಗೆಯಂಚಿನ ಹಾಗೆ ಒಪ್ಪವಾಗಿ ಕೂತಿದ್ದವು. ಪಂಡಿತರು ಕನ್ನಡಕ ಒರೆಸುವ ಪ್ರಸಂಗವೇ ಬರಲಿಲ್ಲ. "ಭೇಷ್. ಓದಿ," ಎಂದರು.

ಎದ್ದು ನಿಂತು ಗಟ್ಟಿಯಾಗಿ ಓದತೊಡಗಿದೆ. ಪೆಟ್ರೋಲಿನ ಬದಲು ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದ ಬಸ್ಸಿನಲ್ಲಿ ಮುಳಬಾಗಿಲಿನ ಮೇಲೆ ಬಂದ ಕಥೆ. "ಆ ಬಸ್ಸಿನ ಮುಖಕ್ಕಿಷ್ಟು ಬೆಂಕಿ ಹಾಕ, ಏರು ಬಂದ ಕೂಡಲೆ ನಿಂತೇಬಿಟ್ಟಿತು. ಎಲ್ಲರೂ ಇಳಿದು ತಳ್ಳಿರೆಂದು ಕಂಡಕ್ಟರು ಹೇಳಿದನು. ಅಯ್ಯೋ ನನ್ನ ಕರ್ಮವೇ ಎಂದುಕೊಂಡೆನು. ಮುಂದೇನು ಗತಿಯೋ ಎಂದು ಸೆರಗಿನಲ್ಲಿ ಕೆಂಡ ಕಟ್ಟಿಕೊಂಡಂತಾಯಿತು."

ಪಂಡಿತರು ಕೈಯೆತ್ತಿದರು. "ನಿಲ್ಲಿಸಿ. ಪಂಚೆ ಉಟ್ಟವರಿಗೆ ಸೆರಗೆಲ್ಲಿಂದ ಬಂತು?"

ನಾನು ನನ್ನ ಪಂಚೆಯನ್ನೇ ನೋಡಿಕೊಂಡೆ.

"ವ್ಯಾಕರಣ ಸರಿಯಾಗಿದೆ. ಕಾಗುಣಿತ ಸರಿಯಾಗಿದೆ. ಕನ್ನಡ ಅಚ್ಚುಕಟ್ಟು. ಆದ್ರೆ ಇದು ಗಂಡಸರ ಕನ್ನಡ ಅಲ್ಲ ಕಣ್ರೀ. ನಿಜ ಹೇಳಿ, ಯಾರು ಕಲಿಸಿದ್ದು?"

"ಮನೇಲಿ..." ಎಂದೆ. ಬೆವರು ಒರೆಸಿಕೊಂಡೆ. "ನನ್ನ ಹೆಂಡ್ತಿ ಸಾರ್."

ಮೆಲುದನಿಯ ಪಂಡಿತರು ಅಷ್ಟು ಗಟ್ಟಿಯಾಗಿ ನಗಬಲ್ಲರೆಂದು ಕಾಲೇಜಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪಕ್ಕದ ಕೋಣೆಯಿಂದ ಗಣಿತದ ಮೇಷ್ಟ್ರು ಇಣುಕಿ ನೋಡಿದರು. ನಗು ಮುಗಿಸಿದ ಪಂಡಿತರು ಅವಳ ಹೆಸರು ಕೇಳಿ ತಿಳಿದುಕೊಂಡು, ನನ್ನ ಬೆನ್ನು ತಟ್ಟಿ, "ಪಾಸು. ನಿಮ್ಮನ್ನಲ್ಲ, ಅವರನ್ನ ಪಾಸು ಮಾಡಿದೀನಿ," ಎಂದರು.

ಅಲ್ಲಿಗೆ ಮುಗಿಯಿತೆಂದುಕೊಂಡಿರೇ? ನಾನೂ ಹಾಗೇ ಅಂದುಕೊಂಡಿದ್ದೆ. ಪ್ರವೇಶವನ್ನು ಖಾಯಂ ಮಾಡಿಸಲು ಪಂಡಿತರೇ ನನ್ನನ್ನು ಆಫೀಸಿಗೆ ಕರೆದುಕೊಂಡು ಹೋದರು. ಗುಮಾಸ್ತರು ದೊಡ್ಡ ರಿಜಿಸ್ಟರು ತೆರೆದರು. ಪೋಷಕರ ಹೆಸರು ಎಂಬಲ್ಲಿ ಅಪ್ಪನ ಹೆಸರಿತ್ತು. "ಇವರಿಗೆ ಬರೆದ ಕಾಗದಕ್ಕೆ ಜವಾಬೇ ಇಲ್ಲವಲ್ಲ?" ಎಂದು ಗುಮಾಸ್ತರು ಆಕ್ಷೇಪಿಸಿದರು. ಅಪ್ಪನಿಗೆ ಕನ್ನಡ ಓದಲು ಬಾರದೆಂದು ಹೇಳಿದೆ. "ಹಾಗಾದ್ರೆ ಆಗಲ್ಲ. ಹಾಜರಿ, ಮಾರ್ಕು, ನಡತೆ ಎಲ್ಲಾ ಕನ್ನಡದಲ್ಲೇ ಕಳಿಸೋದು. ಓದಿ ರುಜು ಹಾಕೋ ಹಿರಿಯರು ಮನೇಲಿ ಯಾರಿದ್ದಾರೆ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಪಂಡಿತರು, "ರುಕ್ಮಿಣಿಯಮ್ಮ ಅಂತ ಬರ್ಕೊಳ್ಳಿ. ಇವರಿಗೆ ಪಾಠ ಹೇಳಿಕೊಡೋರು ಅವರೇ," ಎಂದರು. ಗುಮಾಸ್ತರು ಬರೆದುಕೊಂಡರು. ಸಂಬಂಧ ಎಂಬ ಕಾಲಮ್ಮಿಗೆ ಬಂದು ಲೇಖನಿ ಎತ್ತಿ ನನ್ನ ಮುಖ ನೋಡಿದರು. ನಾನು ಹೇಳಿದೆ. ಅವರು ಪಂಡಿತರ ಮುಖ ನೋಡಿದರು. ಪಂಡಿತರು ಕಿಟಕಿಯಾಚೆ ಅಂತರಗಂಗೆ ಬೆಟ್ಟವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಗುಮಾಸ್ತರು ನಿಟ್ಟುಸಿರು ಬಿಟ್ಟು ಇದ್ದದ್ದನ್ನು ಇದ್ದ ಹಾಗೆ ಬರೆದರು.

ಮೊದಲ ಕಾಗದ ಮುಂದಿನ ತಿಂಗಳು ಮನೆಗೆ ಬಂತು. ರುಕ್ಮಿಣಿ ಕೈ ತೊಳೆದುಕೊಂಡು ಬಂದು, ಒಡೆದು, ನಿಧಾನವಾಗಿ ಓದಿದಳು. "ನಿಮ್ಮ ಪೋಷಣೆಯಲ್ಲಿರುವ ವಿದ್ಯಾರ್ಥಿಯು ಕನ್ನಡದಲ್ಲಿ ತೃಪ್ತಿಕರವಾಗಿದ್ದಾನೆ. ಇಂಗ್ಲಿಷಿನಲ್ಲಿ ಉದಾಸೀನ. ಮಧ್ಯಾಹ್ನದ ತರಗತಿಗಳಿಗೆ ನಾಲ್ಕು ದಿನ ಗೈರುಹಾಜರು." ಕಾಗದದ ಮೇಲಿನಿಂದ ನನ್ನನ್ನು ನೋಡಿದಳು. ಆ ನಾಲ್ಕು ಮಧ್ಯಾಹ್ನ ನಾನು ಗೆಳೆಯರ ಜೊತೆ ಬೆಟ್ಟಕ್ಕೆ ಹೋಗಿದ್ದೆ. ಮನೆಯಲ್ಲಿ ಸ್ಪೆಷಲ್ ಕ್ಲಾಸು ಎಂದು ಹೇಳಿದ್ದೆ. ಅವಳು ಮಸಿಕುಡಿಕೆ ತಂದು, ಗುಂಡಗಿನ ಅಕ್ಷರದಲ್ಲಿ ರುಜು ಹಾಕಿ, ಅದರ ಕೆಳಗೆ "ಇನ್ನು ಮೇಲೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ" ಎಂದು ಒಂದು ಸಾಲು ಸೇರಿಸಿದಳು.

ಮಾರನೆಯ ದಿನ ಆ ಕಾಗದವನ್ನು ನಾನೇ ಒಯ್ದು ಆಫೀಸಿಗೆ ಕೊಟ್ಟೆ. ಗುಮಾಸ್ತರು ಓದಿ, ಫೈಲಿಗೆ ಸೇರಿಸಿ, "ಪರವಾಗಿಲ್ಲ, ಮನೇಲಿ ಹಿರಿಯರು ಅಂತ ಒಬ್ಬರಿದ್ದಾರೆ," ಎಂದರು. ನಾನು ಹೌದು ಸಾರ್ ಎಂದು ಹೇಳಿ, ಗಂಟೆ ಹೊಡೆಯುವ ಮೊದಲೇ ಇಂಗ್ಲಿಷ್ ತರಗತಿಗೆ ಹೋಗಿ ಮುಂದಿನ ಬೆಂಚಿನಲ್ಲಿ ಕೂತೆ.