ಟವೆಲಿನ ಕೆಳಗೆ ಎಂಟು ಸಿಲಿಂಡರ್

ಕೊಳ್ಳುವವನಿಗೆ ಇರುವ ಮರ್ಯಾದೆ ಕೊಂಡವನಿಗೆ ಇರುವುದಿಲ್ಲ ಎಂಬುದು ನನಗೆ ಅರವತ್ತು ದಾಟಿದ ಮೇಲೆ ಗೊತ್ತಾಯಿತು. ಬಟ್ಟೆ ಅಂಗಡಿಯನ್ನೇ ನೋಡಿ. ಒಳಗೆ ಕಾಲಿಟ್ಟ ಕೂಡಲೇ ಫ್ಯಾನು ಹಾಕುತ್ತಾರೆ, ನೀರು ಕೊಡುತ್ತಾರೆ, ‘ಬರ್ರಿ, ಕುಂತ್ಕಳ್ರಿ’ ಎಂದು ಉಪಚಾರ ಮಾಡುತ್ತಾರೆ. ದುಡ್ಡು ಕೊಟ್ಟು ಚೀಲ ಕೈಗೆ ತೆಗೆದುಕೊಂಡ ಮೇಲೆ ಅದೇ ಮನುಷ್ಯನನ್ನು ‘ನನ್ನ ಚಪ್ಪಲಿ ಎಲ್ಲಪ್ಪ’ ಎಂದು ಕೇಳಿದರೆ ಕತ್ತು ಕೂಡ ಎತ್ತುವುದಿಲ್ಲ. ನಾನೊಂದು ಹಳೆಯ ಕಾರು ಕೊಂಡ ಕತೆಯೂ ಇಷ್ಟೇ. ಆದರೆ ಇಷ್ಟೇ ಎಂದು ಇಲ್ಲಿಗೇ ನಿಲ್ಲಿಸಿದರೆ ನೀವು ಎದ್ದು ಹೋಗುತ್ತೀರಿ, ಆಮೇಲೆ ನನಗೆ ಮಾತಾಡಲು ಯಾರೂ ಇರುವುದಿಲ್ಲ. ಹಾಗಾಗಿ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ನಾನು ಹಿರಿಯೂರಿನ ವಿದ್ಯುತ್ ಕಚೇರಿಯಲ್ಲಿ ಇದ್ದವನು. ಕೆಲಸದಲ್ಲಿ ಇದ್ದಷ್ಟು ಕಾಲ ಊರಿನವರೆಲ್ಲ ನನ್ನನ್ನು ನೆನೆಯುತ್ತಿದ್ದರು. ಕರೆಂಟು ಹೋದಾಗಲೆಲ್ಲ ನೆನೆಯುತ್ತಿದ್ದರು. ನೆನೆಯುವ ಭಾಷೆ ಅಷ್ಟು ಚೆನ್ನಾಗಿರುತ್ತಿರಲಿಲ್ಲ, ಅಷ್ಟೆ. ಊಟಕ್ಕೆ ಕುಳಿತ ಹೊತ್ತಿಗೆ ಸರಿಯಾಗಿ ಫೋನು ಬರುತ್ತಿತ್ತು. ನನ್ನ ಹೆಂಡತಿ ಶಾರದ ಅದನ್ನು ತಂದು ಕೊಡುತ್ತಾ, ‘ತಗಳ್ರಿ, ನಿಮ್ಮ ಅಭಿಮಾನಿಗಳು’ ಎನ್ನುತ್ತಿದ್ದಳು. ನಿವೃತ್ತಿಯಾಯಿತು, ಫೋನು ಸುಮ್ಮನಾಯಿತು. ಮರುವರ್ಷ ಶಾರದ ಹೋದಳು, ಮನೆಯೂ ಸುಮ್ಮನಾಯಿತು. ನಮಗೆ ಮಕ್ಕಳಿಲ್ಲ. ಈಗ ಕರೆಂಟು ಹೋದರೆ ನಾನೂ ಎಲ್ಲರಂತೆ ಕಚೇರಿಗೆ ಫೋನು ಮಾಡುತ್ತೇನೆ. ನಿಜ ಹೇಳಬೇಕೆಂದರೆ ಕರೆಂಟು ಇದ್ದಾಗಲೂ ಒಂದೆರಡು ಸಲ ಮಾಡಿದ್ದೇನೆ. ಆ ಕಡೆಯಿಂದ ಯಾರೋ ‘ಯಾವ ಏರಿಯಾ ಸಾರ್?’ ಎಂದು ವಿಚಾರಿಸಿಕೊಳ್ಳುವುದು ಹಿತವಾಗಿರುತ್ತದೆ.

ಹೆದ್ದಾರಿ ಅಗಲ ಮಾಡುವಾಗ ನಮ್ಮ ತೆಂಗಿನ ತೋಟದ ಬಹುಪಾಲು ರಸ್ತೆಯ ಪಾಲಾಗಿತ್ತು. ಅದರ ಪರಿಹಾರದ ಹಣ ಬ್ಯಾಂಕಿನಲ್ಲಿ ನನ್ನ ಹಾಗೆಯೇ ಕೆಲಸವಿಲ್ಲದೆ ಬಿದ್ದುಕೊಂಡಿತ್ತು. ಹೀಗಿರುವಾಗ ಪಿಂಚಣಿಯ ಏನೋ ಕೆಲಸಕ್ಕೆಂದು ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಹೋದವನು, ಹೊಳಲ್ಕೆರೆ ರಸ್ತೆಯ ಪಕ್ಕದ ಒಂದು ಶೆಡ್ಡಿನಲ್ಲಿ ಆ ಕಾರನ್ನು ನೋಡಿದೆ. ಹಗ್ಗದಲ್ಲಿ ಬಾಗಿಲು ಕಟ್ಟಿದ್ದ ಒಂದು ಜೀಪಿಗೂ ತುಕ್ಕು ಹಿಡಿದ ಟ್ರ್ಯಾಕ್ಟರಿಗೂ ನಡುವೆ ನಿಂತಿತ್ತು. ಕೆಂಪು ಬಣ್ಣ, ಎರಡೇ ಬಾಗಿಲು, ಬಾನೆಟ್ಟಿನ ಮೇಲೆ ಎರಡು ಕಪ್ಪು ಪಟ್ಟೆ. ಬಾನೆಟ್ಟು ಎಷ್ಟು ಉದ್ದವೆಂದರೆ ಅದರ ಮೇಲೆ ಎಲೆ ಹಾಕಿ ಒಂದು ಪಂಕ್ತಿ ಊಟ ಬಡಿಸಬಹುದಿತ್ತು. ಹಿಂದಿನ ಸೀಟಿನಲ್ಲಿ ಮಾತ್ರ ಒಂದು ತೆಂಗಿನಕಾಯಿ ಚೀಲ ಕೂರುವುದೂ ಕಷ್ಟ. ಬಿಸಿಲಿಗೆ ಬಾಯಾರಿತ್ತು, ಶೆಡ್ಡಿನಲ್ಲಿ ನೆರಳಿತ್ತು, ಒಳಗೆ ಹೋದೆ. ಅಷ್ಟೇ ನನ್ನ ಉದ್ದೇಶ.

ಶೆಡ್ಡಿನ ಮಾಲೀಕರು ಜಬ್ಬಾರ್ ಸಾಬರು. ಹತ್ತಿರ ಹತ್ತಿರ ನನ್ನ ವಯಸ್ಸು. ಅವರ ಮನೆತನದವರು ತಲೆಮಾರುಗಳಿಂದ ಕೋಟೆಯ ಕೆಳಗಿನ ಬೀದಿಯಲ್ಲೇ ಇದ್ದವರು, ಕುರಿ ವ್ಯಾಪಾರದವರು. ಮಂಡಿನೋವು ಬಂದು ಸಂತೆ ಸುತ್ತುವುದು ಆಗದಿದ್ದಾಗ ಮಕ್ಕಳು ಈ ಹಳೇ ಗಾಡಿಗಳ ವ್ಯಾಪಾರಕ್ಕೆ ಕೂರಿಸಿದ್ದರು. ಆದರೆ ಕುರಿಯ ಅಭ್ಯಾಸ ಬಿಟ್ಟಿರಲಿಲ್ಲ. ಗಾಡಿಯ ಬೆನ್ನು ತಟ್ಟಿ ಮಾತಾಡುವರು, ಟೈರನ್ನು ಬಗ್ಗಿ ನೋಡುವುದು ಥೇಟ್ ಕುರಿಯ ಬಾಯಿ ತೆರೆದು ಹಲ್ಲು ನೋಡಿದಂತೆ.

“ಬರ್ರಿ ಸಾರ್, ಕುಂತ್ಕಳ್ರಿ. ಟೀ ತಗಳ್ರಿ. ಅಮೆರಿಕದ ಗಾಡಿ. ಗಣಿ ಮಾಲೀಕರ ಮಗ ತರಿಸಿದ್ದು. ಎಂಟು ಸಿಲಿಂಡರ್ ಇಂಜಿನ್ನು, ಒಳಗೆ ನಾನೂರು ಕುದುರೆ ಅವೆ” ಎಂದರು.

“ಮಾರಿದ್ದು ಯಾಕೆ?”

“ದುರ್ಗದ ಹಂಪುಗಳ ಮೇಲೆ ಹೊಟ್ಟೆ ತಾಗ್ತೈತೆ ಅಂತ ಬೇಜಾರ್ ಮಾಡ್ಕಂಡ. ಗಾಡಿಗೇನೂ ಆಗಿಲ್ಲ, ಹುಡುಗನ ಮನಸಿಗೆ ಆಗೈತೆ.”

“ನಾನೂರು ಕುದುರೆಗೆ ಮೇವು?”

“ಪೆಟ್ರೋಲು. ಅದನ್ನೊಂದು ಕೇಳ್‌ಬ್ಯಾಡ್ರಿ ಸಾರ್.”

ಬೆಲೆ ಎಷ್ಟು ಎಂದೆ, ಸುಮ್ಮನೆ ಮಾತಿಗೆ. ಸಾಬರು ಬಾಯಿಬಿಟ್ಟು ಹೇಳಲಿಲ್ಲ. ಹೆಗಲ ಮೇಲಿನ ಟವೆಲು ತೆಗೆದು ನನ್ನ ಕೈಯ ಮೇಲೆ ಹೊದಿಸಿದರು, ಅದರ ಕೆಳಗೆ ತಮ್ಮ ಕೈ ತೂರಿಸಿ ನನ್ನ ಬೆರಳು ಹಿಡಿದರು. ಸಂತೆಯ ಕುರಿ ವ್ಯಾಪಾರ ಕಂಡವರಿಗೆ ಇದು ಗೊತ್ತು. ಸುತ್ತ ನಿಂತವರಿಗೆ ಬೆಲೆ ತಿಳಿಯಬಾರದೆಂದು ಅಲ್ಲಿ ಬಾಯಲ್ಲಿ ಹೇಳುವುದಿಲ್ಲ. ಬಟ್ಟೆಯ ಮರೆಯಲ್ಲಿ ಇಷ್ಟು ಬೆರಳು ಹಿಡಿದರೆ ಇಷ್ಟು ಎಂದು ಲೆಕ್ಕ. ಆದರೆ ಇಲ್ಲಿ ಸುತ್ತ ಯಾರಿದ್ದರು? ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದ ಒಂದು ನಾಯಿ.

“ಇಲ್ಯಾರಿಗೆ ಕೇಳ್ತೈತೆ ಸಾಬ್ರೆ? ಬಾಯಲ್ಲೇ ಹೇಳ್ರಿ” ಎಂದೆ.

“ಗಾಡಿಗೆ ಕೇಳ್ತೈತೆ ಸಾರ್. ತನ್ನ ಬೆಲೆ ಇಳಿಯೋದು ಕೇಳಿದ್ರೆ ಮನಸಿಗೆ ಹಚ್ಕಂತೈತೆ” ಎಂದರು, ನಗದೆ.

ಕುರಿಗಾದರೆ ಒಂದು ಕೈಯ ಬೆರಳು ಸಾಕು. ಈ ಕಾರಿನ ಬೆಲೆಗೆ ನಮ್ಮಿಬ್ಬರ ಕೈಕಾಲಿನ ಬೆರಳುಗಳೆಲ್ಲ ಸೇರಿದರೂ ಸಾಲದು. ಅವರು ಯಾವ ಬೆರಳು ಹಿಡಿದರು, ಅದು ಲಕ್ಷವೋ ಸಾವಿರವೋ, ನನಗೆ ಒಂದೂ ತಿಳಿಯಲಿಲ್ಲ. ತಿಳಿದದ್ದು ಒಂದೇ, ಆ ಕೈ ಬೆಚ್ಚಗಿತ್ತು. ಶಾರದ ಹೋದ ಮೇಲೆ ನನ್ನ ಕೈ ಹಿಡಿದವರು ಇಬ್ಬರೇ. ಒಬ್ಬರು ಬಿ.ಪಿ. ನೋಡುವ ಡಾಕ್ಟರು, ಇನ್ನೊಬ್ಬರು ನ್ಯಾಯಬೆಲೆ ಅಂಗಡಿಯವರು. ಈ ಎರಡನೆಯವರು ನನ್ನ ಹೆಬ್ಬೆರಳನ್ನು ಯಂತ್ರದ ಮೇಲೆ ಒತ್ತಿ ಒತ್ತಿ, ‘ನಿಮ್ಮ ಗೆರೆ ಸವೆದೈತೆ, ಒರೆಸ್ಕಂಡು ಬರ್ರಿ’ ಎಂದು ಗದರುತ್ತಿದ್ದರು. ಸಾಬರಂತೆ ಕೈ ಹಿಡಿದುಕೊಂಡೇ ಮನೆಯಲ್ಲಿ ಯಾರಿದ್ದಾರೆ, ಊಟ ಯಾರು ಮಾಡುತ್ತಾರೆ, ಮೊಣಕಾಲು ಹೇಗಿದೆ ಎಂದೆಲ್ಲ ಕೇಳಿದವರು ಯಾರೂ ಇರಲಿಲ್ಲ. ಕೈ ಬಿಡಿಸಿಕೊಳ್ಳದೆಯೇ, “ಜಾಸ್ತಿ ಆಯ್ತು ಸಾಬ್ರೆ” ಎಂದೆ. “ಮುಂದಿನ ಭಾನುವಾರ ಬರ್ರಿ, ಮಾತಾಡಾಣ” ಎಂದರು.

ಭಾನುವಾರ ಹೋದೆ. ಅದರ ಮುಂದಿನ ಭಾನುವಾರವೂ ಹೋದೆ. ಆಮೇಲೆ ಅದೊಂದು ವ್ರತವೇ ಆಯಿತು. ಬೆಳಗ್ಗೆ ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿ ಬಸ್ಸು ಹತ್ತುತ್ತಿದ್ದೆ. ಪಕ್ಕದ ಮನೆಯ ಗೌರಮ್ಮ ಗೇಟಿನ ಹತ್ತಿರ ನಿಂತು ‘ಎಲ್ಲಿಗಣ್ಣ?’ ಎಂದರೆ ‘ವ್ಯವಹಾರ ಐತಮ್ಮ’ ಎನ್ನುವಾಗ ಎದೆ ಸ್ವಲ್ಪ ಉಬ್ಬುತ್ತಿತ್ತು. ಶೆಡ್ಡಿನಲ್ಲಿ ಇಬ್ಬರೂ ಕಾರಿನೊಳಗೇ ಕುಳಿತು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದೆವು. ನಾನು ಒಂದು ಕೊರತೆ ಹೇಳುವುದು, ಅವರು ಸಮರ್ಥಿಸುವುದು. ಕೊರತೆ ಮುಗಿದ ಮೇಲೆ ಕುರಿಯ ಕತೆಗಳು. ಧರ್ಮಪುರದ ಕಡೆಯ ಕುರಿಗಾರರು ತೆಲುಗಿನಲ್ಲಿ ಬೈದರೆ ಹೇಗಿರುತ್ತದೆ, ಕಳೆದುಹೋದ ಒಂದು ಟಗರು ತಾನಾಗಿಯೇ ಹೇಗೆ ಮನೆ ಹುಡುಕಿಕೊಂಡು ಬಂತು, ಇಂಥವು. ಒಂದು ದಿನ, “ಇದನ್ನೆಲ್ಲ ಮನೇಲಿ ಹೇಳಲ್ವಾ ಸಾಬ್ರೆ?” ಎಂದು ಕೇಳಿದೆ. “ಮನೇಲಿ ಎಲ್ರೂ ಅವ್ರೆ ಸಾರ್. ಎಲ್ರ ಕೈನಾಗೂ ಫೋನ್ ಐತೆ” ಎಂದರು. ಹೊರಡುವ ಮುಂಚೆ ಕ್ರಮವಾಗಿ ಟವೆಲು ಹೊದಿಸುವುದು, ಬೆರಳು ಹಿಡಿಯುವುದು, ‘ಆಗಲ್ಲ ಬಿಡ್ರಿ’ ಎಂದು ಒಬ್ಬರು ಕೈ ಕೊಡವಿ ಏಳುವುದು. ಕಾರು ಕೊಳ್ಳುವ ಯೋಚನೆ ನನಗಿರಲಿಲ್ಲ. ಮಾರುವ ಅವಸರ ಅವರಿಗೂ ಇದ್ದಂತೆ ಕಾಣಲಿಲ್ಲ. ಈ ವ್ಯಾಪಾರ ಹೀಗೇ ನನ್ನ ಆಯುಷ್ಯದುದ್ದಕ್ಕೂ ನಡೆದಿದ್ದರೆ ನಾನು ಸುಖಪುರುಷನೇ.

ಒಂದು ಬುಧವಾರ ಸಾಬರ ಫೋನು ಬಂತು. ವಾರದ ನಡುವೆ ಅವರು ಫೋನು ಮಾಡಿದವರಲ್ಲ. ದನಿ ಕುಗ್ಗಿತ್ತು.

“ಭೀಮಸಮುದ್ರದಿಂದ ಅಡಿಕೆ ವ್ಯಾಪಾರದೋರ ಮನೆ ಹುಡುಗ ಬಂದಿದ್ದ ಸಾರ್. ಗಾಡಿ ಬೇಕಂತೆ.”

“ಚೌಕಾಸಿ ಮಾಡ್ದನಾ?”

“ಅದೇ ನೋಡ್ರಿ ಬೇಜಾರು. ಹೇಳಿದ ಬೆಲೆಗೆ ಹೂಂ ಅಂದ. ಟವೆಲ್ ತೆಗೆದ್ರೆ, ಯಾಕೆ ಕೈ ಒರೆಸ್ಕಬೇಕಾ ಅಂತ ಕೇಳ್ತಾನೆ. ಅಂಥೋರಿಗೆ ಕೊಡಾಕೆ ಮನಸ್ಸು ಬರಲ್ಲ. ಆದ್ರೆ ಮಕ್ಕಳು ಕೊಡು ಅಂತಾವ್ರೆ. ನೀವು ಏನಾರ ಒಂದು ಹೇಳ್ಬಿಡ್ರಿ.”

ನನ್ನ ಫಜೀತಿ ನೋಡಿ. ನಾನು ಕೊಳ್ಳದಿದ್ದರೆ ಕಾರು ಭೀಮಸಮುದ್ರಕ್ಕೆ ಹೋಗುತ್ತದೆ, ಕೊಂಡರೆ ನಮ್ಮ ಮನೆಗೆ ಬರುತ್ತದೆ. ಎರಡರಲ್ಲಿ ಯಾವುದಾದರೂ ನನ್ನ ಭಾನುವಾರ ಮುಗಿದಂತೆಯೇ. ಜೀಪು ನೋಡುವ ನೆವದಲ್ಲಿ ಹೋಗಬಹುದಿತ್ತು, ಆದರೆ ಅದರ ಬಾಗಿಲಿಗೆ ಕಟ್ಟಿದ ಹಗ್ಗ ನೋಡಿಯೂ ಕೊಳ್ಳಲು ಬಂದೆ ಎಂದರೆ ನಾಯಿಯೂ ನಂಬುತ್ತಿರಲಿಲ್ಲ. ಎರಡು ದಿನ ಊಟ ಸೇರಲಿಲ್ಲ. ಕಡೆಗೆ, ಹೋಗುವ ಕಾರು ಸ್ನೇಹಿತನ ಜ್ಞಾಪಕಕ್ಕೆ ನನ್ನ ಕಣ್ಣ ಮುಂದೆಯಾದರೂ ಇರಲಿ ಎಂದು ಹೋಗಿ ಕೊಂಡೆ. ಕೊನೆಯ ಸಲ ಟವೆಲು ಹೊದಿಸಿದಾಗ ಇಬ್ಬರೂ ಯಾವ ಬೆರಳನ್ನೂ ಲೆಕ್ಕ ಹಾಕಲಿಲ್ಲ. ಬಹಳ ಹೊತ್ತು ಹಾಗೇ ಕುಳಿತಿದ್ದು, ಸಾಬರು “ಆಯ್ತು ಸಾರ್” ಎಂದು ಕೈ ಬಿಟ್ಟರು. ಲೋಕದಲ್ಲಿ ಕಾರು ಕೊಂಡು ಕಣ್ಣೊರೆಸಿಕೊಂಡವನು ನಾನೊಬ್ಬನೇ ಇರಬೇಕು.

ಕಾರಿನ ಪ್ರಯಾಣದ ಬಗ್ಗೆ ಹೇಳಲು ಹೆಚ್ಚಿಲ್ಲ. ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗುವ ಗತಿಯಲ್ಲೇ ನಾನೂ ಹೆದ್ದಾರಿಯಲ್ಲಿ ಬಂದೆ. ಈರುಳ್ಳಿ ಲಾರಿಯೊಂದು ನನ್ನನ್ನು ಹಿಂದೆ ಹಾಕಿ ಹೋಯಿತು. ನಮ್ಮ ಮನೆಯ ಗೇಟಿನ ಇಳಿಜಾರಿಗೆ ಕಾರಿನ ಹೊಟ್ಟೆ ತಾಗಿ ಅರ್ಧ ಒಳಗೆ ಅರ್ಧ ಬೀದಿಯಲ್ಲಿ ನಿಂತಿತು. ಗೌರಮ್ಮ ಸುತ್ತು ಬಂದು ನೋಡಿ, “ಒಬ್ಬರೇ ಇದೀರ. ಇಷ್ಟುದ್ದ ಗಾಡಿ ಯಾಕಣ್ಣ? ಉದ್ದ ಇದ್ರೂ ಇಬ್ರಿಗೇ ಜಾಗ” ಎಂದಳು. ಅವಳ ಮಾತಿನಲ್ಲಿ ಕುಹಕವಿರಲಿಲ್ಲ. ಸಂಜೆ ಬೀದಿಯವರೆಲ್ಲ ಫೋನು ಹಿಡಿದು ಫೋಟೋಗೆ ಬಂದರು. ಮನೆಯ ಮುಂದೆ ಅಷ್ಟು ಜನ ಕಂಡು ನಾನೂ ತಲೆ ಬಾಚಿಕೊಂಡು ಬಂದು ಬಾನೆಟ್ಟಿಗೆ ಕೈಯಿಟ್ಟು ನಿಂತೆ. ಒಬ್ಬಾಕೆ ಬಹಳ ಮರ್ಯಾದೆಯಿಂದಲೇ ಹೇಳಿದಳು: “ಅಜ್ಜಾರೇ, ಒಂದು ಸ್ವಲ್ಪ ಆ ಕಡೆ ನಿಂತ್ಕಳ್ರಿ, ಗಾಡಿ ಪೂರ್ತಿ ಬರ್ಲಿ.” ನಾನು ಒಳಗೆ ಹೋಗಿ ಅನ್ನಕ್ಕಿಟ್ಟೆ.

ಭಾನುವಾರ ಬಂತು. ಅಭ್ಯಾಸಬಲದಿಂದ ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿದೆ. ಹಾಕಿದ ಮೇಲೆ ಹೋಗುವುದು ಎಲ್ಲಿಗೆ? ಫೋನನ್ನು ಒಂದೆರಡು ಸಲ ಎತ್ತಿ ನೋಡಿದೆ. ಸಾಬರು ಯಾಕೆ ಫೋನು ಮಾಡುತ್ತಾರೆ? ವ್ಯಾಪಾರ ಮುಗಿದಿತ್ತು. ಕಾರಿನಲ್ಲಿ ಹೋಗಿ ಕುಳಿತೆ. ಸ್ಟಾರ್ಟ್ ಮಾಡಿದರೆ ಬೀದಿಯೆಲ್ಲ ನಡುಗುವಷ್ಟು ಸದ್ದು. ನಿಲ್ಲಿಸಿದರೆ ಪಕ್ಕದ ಖಾಲಿ ಸೀಟು. ಅದನ್ನು ನೋಡಿ ಅಳು ಬರುವಂತಾಗಿ, ನನ್ನ ಮೇಲೆ ನನಗೇ ಸಿಟ್ಟು ಬಂದು, ನೇರವಾಗಿ ದುರ್ಗದ ದಾರಿ ಹಿಡಿದೆ.

ಸಾಬರು ಟ್ರ್ಯಾಕ್ಟರಿನ ಪಕ್ಕ ಕುರ್ಚಿಯಲ್ಲಿ ಕುಳಿತಿದ್ದರು. ಎದುರಿಗೆ ಇನ್ನೊಂದು ಖಾಲಿ ಕುರ್ಚಿಯಿತ್ತು. ಎದ್ದು ಬಂದು ಗಾಬರಿಯಿಂದ, “ಏನ್ ಸಾರ್, ಏನಾರ ತೊಂದ್ರೆನಾ?” ಎಂದರು.

“ಗಾಡಿ ಮಾರ್ಬೇಕು ಸಾಬ್ರೆ.”

ಅವರು ಗಂಭೀರವಾಗಿ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

“ಹಳೇ ಗಾಡಿ. ಟ್ರಯಲ್ ನೋಡ್ದೆ ನಾನು ಹೆಂಗ್ ತಗಣ್ಲಿ?” ಎಂದು ಮಂಡಿ ಹಿಡಿದುಕೊಂಡು, ‘ಯಾ ಅಲ್ಲಾ’ ಎಂದು ನನ್ನ ಪಕ್ಕದ ಸೀಟಿಗೆ ಇಳಿದರು. “ಹೋಗಾಣ ನಡೀರಿ.”

ಅವತ್ತು ಹೊಳಲ್ಕೆರೆವರೆಗೆ ಹೋಗಿ ಬಂದೆವು. ಇಳಿಯುವಾಗ, ಇಷ್ಟರಲ್ಲಿ ಗಾಡಿಯ ಗುಣ ಗೊತ್ತಾಗುವುದಿಲ್ಲ, ಇನ್ನೊಂದು ಸಲ ನೋಡಬೇಕು ಎಂದರು. ಮುಂದಿನ ವಾರ ಹೊಸದುರ್ಗ. ಅದರಾಚೆಯ ವಾರ ನಮ್ಮ ಹಿರಿಯೂರಿಗೇ ಬಂದು, ಮಾರಿಕಣಿವೆಯ ಅಣೆಕಟ್ಟಿನ ಮೇಲೆ ಕುಳಿತು ಬುತ್ತಿ ಬಿಚ್ಚಿ ಊಟ ಮಾಡಿದೆವು. ಟ್ರಯಲ್ ಚೆನ್ನಾಗಿ ನಡೆಯುತ್ತಿತ್ತು.

ಮೊನ್ನೆ ಭಾನುವಾರ ಮಾತ್ರ, ಇನ್ನೂ ಚಿತ್ರದುರ್ಗ ದಾಟಿರಲಿಲ್ಲ, ಸಾಬರು ಇದ್ದಕ್ಕಿದ್ದಂತೆ, “ಸಾರ್, ಒಂದು ಒಳ್ಳೇ ಪಾರ್ಟಿ ಬಂದೈತೆ. ನಿಮಗೆ ಲಾಸ್ ಆಗಲ್ಲ. ಪೆಟ್ರೋಲಿಗೆ ಸುಮ್ನೆ ಸುರೀತಿದೀರಿ ಅಂತ ನನಗೇ ಸಂಕಟ. ಕೊಟ್ಬಿಡಾಣ” ಎಂದರು. ನಾನು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ:

“ಹಂಗೆಲ್ಲ ಮೋಸ ಮಾಡಾಕಾಗಲ್ಲ ಸಾಬ್ರೆ. ಈ ಗಾಡೀದು ಕ್ಲಚ್ಚು ಸರಿ ಇಲ್ಲ. ಒತ್ತಿದ್ರೆ ಕೂಗ್ತೈತೆ. ಪೂರ್ತಿ ನೋಡ್ದೆ ಯಾರಿಗೂ ಹೇಳ್‌ಬ್ಯಾಡ್ರಿ.”

ಸಾಬರು ಬಗ್ಗಿ ನನ್ನ ಕಾಲಿನ ಕಡೆ ನೋಡಿದರು. ಅದು ಆಟೊಮ್ಯಾಟಿಕ್ ಗಾಡಿ. ಕ್ಲಚ್ಚೆಂಬುದು ಅದರಲ್ಲಿ ಹುಟ್ಟಿದಾಗಿನಿಂದಲೂ ಇಲ್ಲ, ಮತ್ತು ಅದನ್ನು ನನಗೆ ಮಾರುವಾಗ ಆ ವಿಷಯವನ್ನು ಅರ್ಧ ದಿನ ಕೂರಿಸಿಕೊಂಡು ವಿವರಿಸಿದವರೇ ಅವರು. ನಾನು ರಸ್ತೆಯ ಕಡೆ ಕಣ್ಣಿಟ್ಟು ಕುಳಿತೆ.

“ಹೌದು ಸಾರ್” ಎಂದರು ಸಾಬರು, ಸೀಟಿಗೆ ಒರಗಿಕೊಳ್ಳುತ್ತಾ. “ಕೂಗ್ತೈತೆ. ನನಗೂ ಕೇಳಿಸ್ತು.”