ಪಟ್ಟೆ ಪರದೆಯೂ ಕಪ್ಪು ಪರದೆಯೂ

ತನ್ನ ಮಾತು ನಿಜವಾದಾಗ ಗಂಡನಾದವನಿಗೆ ಆಗುವ ಆನಂದ, ಮನೆಗೇ ನಷ್ಟವಾದರೂ ಕಡಿಮೆಯಾಗುವುದಿಲ್ಲ. ಪಟ್ಟೆ ಪರದೆಯನ್ನು ಯಾರೂ ಕೊಳ್ಳುವುದಿಲ್ಲ ಎಂದು ಯಜಮಾನರು ಮೊದಲೇ ಸಾರಿದ್ದರು. ಹೆಂಡತಿ ಕೇಳಲಿಲ್ಲ. ಮುನ್ನೂರು ತರಿಸಿ, ಮಲಗುವ ಕೋಣೆಯ ತುಂಬ ಪೇರಿಸಿ, ತನ್ನ ಆನ್‌ಲೈನ್ ಅಂಗಡಿಯಲ್ಲಿ ಮಾರಾಟಕ್ಕಿಟ್ಟಳು. ಬೆಳಗ್ಗೆಯಿಂದ ಒಂದು ಆರ್ಡರೂ ಇಲ್ಲ.

"ರೀ, ಅಂಗಡಿ ಸಾಫ್ಟ್‌ವೇರ್ ಏನಾದ್ರೂ ಕೆಟ್ಟಿದೆಯಾ ನೋಡಿ."

ಅದು ಯಜಮಾನರ ಸ್ವಹಸ್ತ ಸೃಷ್ಟಿ. ಕಂಟೇನರ್ ಎಂಬ ಕಣ್ಣಿಗೆ ಕಾಣದ ಡಬ್ಬಿಯೊಳಗೆ ಕೂತು, ನಡೆದದ್ದನ್ನೆಲ್ಲ ಸಾಲುಸಾಲಾಗಿ ಲಾಗ್‌ನಲ್ಲಿ ಬರೆದಿಡುತ್ತದೆ. (ಹೆಂಡಂದಿರು ಮನಸ್ಸಿನಲ್ಲಿಡುವಂಥದ್ದನ್ನು ಇದು ಬರೆದಿಡುತ್ತದೆ, ಅಷ್ಟೇ ವ್ಯತ್ಯಾಸ.)

ಯಜಮಾನರು ಕಂಪ್ಯೂಟರಿನ ಕಪ್ಪು ಪರದೆ ತೆರೆದು ಒಂದು ಆಜ್ಞೆ ಕುಟ್ಟಿದರು. "ನಲವತ್ತು ಸಾವಿರ ಸಾಲು ಯಾರು ಓದ್ತಾರೆ? ಗ್ರೆಪ್ ಅಂತ ಒಂದು ಜರಡಿ ಇದೆ. ‘ಎರರ್’ ಅನ್ನೋ ಪದ ಇರೋ ಸಾಲನ್ನ ಮಾತ್ರ ಹಿಡಿದು ಕೊಡುತ್ತೆ."

ಜರಡಿಗೆ ಏನೂ ಸಿಗಲಿಲ್ಲ.

"ನೋಡಿದ್ಯಾ? ಅಂಗಡಿ ಗುಂಡುಕಲ್ಲಿನ ಹಾಗಿದೆ. ಕೆಟ್ಟಿರೋದು ನಿನ್ನ ಅಭಿರುಚಿ! ಎಲ್ಲಾ ವಾಪಸ್ ಕಳಿಸು."

ಹೆಂಡತಿಯ ಮುಖ ಸಪ್ಪಗಾಯಿತು. ಪರದೆಗಳನ್ನು ಮತ್ತೆ ಡಬ್ಬಕ್ಕೆ ತುಂಬತೊಡಗಿದವಳು ಥಟ್ಟನೆ ನಿಂತಳು. "ಅಲ್ಲಾ, ಕೆಟ್ಟಾಗ ಅದು ‘ಎರರ್’ ಅಂತಲೇ ಬರೆಯುತ್ತೆ ಅಂತ ಏನು ಗ್ಯಾರಂಟಿ?"

"ಅದಕ್ಕೆ ಬರೆಯೋದು ಕಲಿಸಿದವನೇ ನಾನು!"

ಮೂಲೆಯಲ್ಲಿ ಸ್ವೆಟರ್ ಹೆಣೆಯುತ್ತಿದ್ದ ಯಜಮಾನರ ತಾಯಿ ತಲೆಯೆತ್ತದೆ ಹೇಳಿದರು: "ಹಾಗಾದ್ರೆ ಬರೆದಿರಲ್ಲ ಬಿಡಮ್ಮ. ಇವನು ಹುಟ್ಟಿದಾಗಿಂದ ತಪ್ಪನ್ನ ತಪ್ಪು ಅಂದವನೇ ಅಲ್ಲ. ಲೋಟ ಒಡೆದ್ರೆ, ಲೋಟಕ್ಕೆ ಗಮನ ಇರಲಿಲ್ಲ ಅಂತಿದ್ದ."

ತಾನು ಕಟ್ಟಿದ ಅಂಗಡಿಯಲ್ಲಿ ‘ಎರರ್’ ಎಂಬ ಅಪಶಬ್ದ ಯಾಕೆಂದು, ಆ ಜಾಗದಲ್ಲೆಲ್ಲ ‘ಸಣ್ಣ ತೊಡಕು’ ಎಂದು ಹಾಕಿದ್ದು ಈಗ ಯಜಮಾನರಿಗೆ ನೆನಪಾಯಿತು.

"ಏನ್ರೀ ಹಾಗೆ ಬೆವರ್ತಿದ್ದೀರಿ?"

ವಿಧಿಯಿಲ್ಲದೆ ಬಾಯಿಬಿಟ್ಟರು. ಹೆಂಡತಿ ಪಕ್ಕದಲ್ಲೇ ನಿಂತು ಜರಡಿಯಲ್ಲಿ ‘ಸಣ್ಣ ತೊಡಕು’ ಎಂದು ಹುಡುಕಿಸಿದಳು. ಪರದೆಯ ಮೇಲೆ ಸಾಲುಗಳು ದಬದಬ ಸುರಿದವು: ‘ಸಣ್ಣ ತೊಡಕು. ಪಟ್ಟೆ ಪರದೆಯ ಆರ್ಡರ್ ಉಳಿಸಲಾಗಲಿಲ್ಲ.’ ತರಿಸಿದ್ದು ಮುನ್ನೂರು. ಬೇಕೆಂದು ಒತ್ತಿದವರು ನಾನೂರ ಹನ್ನೆರಡು ಮಂದಿ.

"ನನ್ನ ಅಭಿರುಚಿ ಬಗ್ಗೆ ಏನೋ ಹೇಳ್ತಿದ್ರಲ್ಲ?"

ಯಜಮಾನರಿಗೆ ಆಗಲೇ ಕೆಮ್ಮು ಬಂತು.

ಮಧ್ಯಾಹ್ನದೊಳಗೆ ಅಂಗಡಿ ಸರಿಹೋಯಿತು. ಹೆಂಡತಿ ಎದುರಿಗೆ ಕೂತು ಇನ್ನೊಂದೇ ಒಂದು ತಿದ್ದುಪಡಿ ಮಾಡಿಸಿದಳು: ಇನ್ನು ಮುಂದೆ ಏನು ಕೆಟ್ಟರೂ ಲಾಗ್‌ನಲ್ಲಿ ‘ತಪ್ಪು ನನ್ನದು’ ಎಂದು ಬರಬೇಕು. ಈಗ ದಿನಾ ಬೆಳಗ್ಗೆ ಜರಡಿ ಹಿಡಿಯುವವಳು ಅವಳೇ. ಸಿಕ್ಕ ಸಾಲುಗಳನ್ನು ಅತ್ತೆಗೆ ಗಟ್ಟಿಯಾಗಿ ಓದಿ ಹೇಳುತ್ತಾಳೆ. ಅತ್ತೆಯ ಕಿವಿ ಚೆನ್ನಾಗಿಯೇ ಇದೆ. ಆದರೂ "ಇನ್ನೊಂದ್ಸಲ ಓದಮ್ಮ" ಎನ್ನುತ್ತಾರೆ.